ಊಟ ತನ್ನಿಚ್ಛೆ, ನೋಟ ಪರರಿಚ್ಛೆ: ಸಂದರ್ಶನದ ಹಿಂದಿನ ಸಂಜೆಯ ಊಟಕ್ಕೆ ತೊಡುವ ಉಡುಗೆ

(ಹೊಳಲ್ಕೆರೆ ತಾಲ್ಲೂಕು ಬಿ.ದುರ್ಗ ಗ್ರಾಮ ಪಂಚಾಯತಿಯ ಅರಿವು ಕೇಂದ್ರದಲ್ಲಿ ಉದ್ಯೋಗಾಕಾಂಕ್ಷಿ ಯುವಜನರಿಗಾಗಿ ಏರ್ಪಡಿಸಿದ್ದ ಮಾರ್ಗದರ್ಶನ ಸಭೆಯಲ್ಲಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರು ಮಾಡಿದ ಭಾಷಣದ ಪಠ್ಯ. ಜಿಲ್ಲೆಯ ಇತರ ಅರಿವು ಕೇಂದ್ರಗಳ ಉಪಯೋಗಕ್ಕಾಗಿ ಪ್ರಕಟಿಸಲಾಗಿದೆ.)



ಇಂದಿನ ಸಭೆಯ ವಿಷಯವನ್ನು ಸೂಚನಾ ಫಲಕದಲ್ಲಿ ಓದಿದ ಹಿರಿಯರೊಬ್ಬರು ನಿನ್ನೆ ನನ್ನನ್ನು ತಡೆದು ನಿಲ್ಲಿಸಿ, “ಕುಡಿಯುವ ನೀರು, ಚರಂಡಿ, ಬೀದಿದೀಪಗಳ ವಿಚಾರ ಬಿಟ್ಟು, ಊಟಕ್ಕೆ ಯಾವ ಬಟ್ಟೆ ತೊಡಬೇಕೆಂದು ಹೇಳುವುದಕ್ಕೂ ಪಿಡಿಒ ಬೇಕೇ?” ಎಂದು ಕೇಳಿದರು. ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಉತ್ತರವಾಗಿ ಮೊದಲು ಒಂದು ಪ್ರಸಂಗವನ್ನು ನಿವೇದಿಸುತ್ತೇನೆ. ಸಂಬಂಧಪಟ್ಟವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ; ಹೆಸರನ್ನು ಮಾತ್ರ ಹೇಳುವುದಿಲ್ಲ.

ಕಳೆದ ತಿಂಗಳು ನಮ್ಮ ಪಂಚಾಯತಿ ವ್ಯಾಪ್ತಿಯ ರೈತರೊಬ್ಬರು ಮಗಳೊಡನೆ ಕಚೇರಿಗೆ ಬಂದರು. ಮಗಳು ಎಂಜಿನಿಯರಿಂಗ್ ಅಂತಿಮ ವರ್ಷದ ವಿದ್ಯಾರ್ಥಿನಿ. ಬೆಂಗಳೂರಿನ ಸಂಸ್ಥೆಯೊಂದು ಆಕೆಯನ್ನು ಸಂದರ್ಶನಕ್ಕೆ ಕರೆದಿತ್ತು. ಸೋಮವಾರ ಬೆಳಿಗ್ಗೆ ಸಂದರ್ಶನ; ಅದರ ಹಿಂದಿನ ಭಾನುವಾರ ಸಂಜೆ ಸಂಸ್ಥೆಯ ಸಿಬ್ಬಂದಿಯೊಡನೆ ‘ಅನೌಪಚಾರಿಕ ಭೋಜನ’. ಉಡುಗೆಯ ಬಗ್ಗೆ ‘ಸ್ಮಾರ್ಟ್ ಕ್ಯಾಶುಯಲ್’ ಎಂಬ ಎರಡು ಪದಗಳಷ್ಟೇ ಪತ್ರದಲ್ಲಿದ್ದವು. ಆ ಎರಡು ಪದಗಳು ಆ ಮನೆಯ ನಿದ್ದೆ ಕೆಡಿಸಿದ್ದವು. ತಂದೆಯವರು ನನ್ನನ್ನು ಕೇಳಿದರು: “ಸಾರ್, ಅಡಿಕೆ ಮಂಡಿಯಲ್ಲಿ ಮುಂಗಡ ಕೇಳಿದ್ದೇನೆ. ಹತ್ತು ಸಾವಿರ ರೂಪಾಯಿಗೆ ಅಂಥ ಬಟ್ಟೆ ಸಿಗುತ್ತದೆಯೇ?”

ಇನ್ನೂ ಕೊಯ್ಲಾಗದ ಅಡಿಕೆಯ ಮೇಲೆ, ಒಂದು ಸಂಜೆಯ ಊಟದ ಬಟ್ಟೆಗಾಗಿ ಸಾಲ! ಆ ಹಿರಿಯರ ಪ್ರಶ್ನೆಗೆ ನನ್ನ ಉತ್ತರ ಇದೇ. ತಿಳಿಯದಿರುವ ಎರಡು ಪದಗಳಿಗಾಗಿ ನಮ್ಮ ಊರಿನ ಮನೆಯೊಂದು ಸಾಲ ಮಾಡುವಂತಾದರೆ, ಆ ಪದಗಳ ಅರ್ಥವನ್ನು ತಿಳಿಸುವುದೂ ಪಂಚಾಯತಿಯ ಕೆಲಸವೇ ಸರಿ.

ಎರವಲು ಕೋಟಿನ ಸಂಜೆ

ಈ ವಿಷಯದಲ್ಲಿ ನಾನು ಪುಸ್ತಕ ಓದಿ ಮಾತನಾಡುತ್ತಿಲ್ಲ. ನಾನೂ ಎಂಜಿನಿಯರಿಂಗ್ ಪದವೀಧರ, ಸಿವಿಲ್ ವಿಭಾಗದವನು. ಅಂತಿಮ ವರ್ಷದಲ್ಲಿದ್ದಾಗ ನಿರ್ಮಾಣ ಕ್ಷೇತ್ರದ ಸಂಸ್ಥೆಯೊಂದು ನಮ್ಮ ಕಾಲೇಜಿನ ಆರು ಮಂದಿಯನ್ನು ಬೆಂಗಳೂರಿಗೆ ಕರೆಸಿತು. ಸಂದರ್ಶನದ ಹಿಂದಿನ ರಾತ್ರಿ ಹೋಟೆಲೊಂದರಲ್ಲಿ ಊಟ. ಹೋಟೆಲಿನ ಹೆಸರು ಕೇಳಿಯೇ ಹೆದರಿದ ನಾನು ವಿದ್ಯಾರ್ಥಿನಿಲಯದ ಗೆಳೆಯನ ಕೋಟನ್ನು ಎರವಲು ಪಡೆದೆ. ಅವನು ನನಗಿಂತ ಸಣ್ಣ ಮೈಕಟ್ಟಿನವನು. ಕನ್ನಡಿಯ ಮುಂದೆ ನೆಟ್ಟಗೆ ನಿಂತಾಗ ಕೋಟು ಸರಿಯಾಗಿಯೇ ಕಂಡಿತು. ಆದರೆ ಊಟಕ್ಕೆ ಹೋದವನು ನೆಟ್ಟಗೆ ನಿಂತೇ ಇರುವುದಿಲ್ಲವೆಂಬುದು ನನಗೆ ಹೊಳೆಯಲಿಲ್ಲ.

ಅಲ್ಲಿ ನೋಡಿದರೆ ಸಂಸ್ಥೆಯ ಹಿರಿಯರೆಲ್ಲ ಕುತ್ತಿಗೆಯ ಗುಂಡಿ ಬಿಚ್ಚಿದ ಸಾಮಾನ್ಯ ಅಂಗಿಯಲ್ಲಿದ್ದರು. ಕೋಟು, ಟೈ ಧರಿಸಿದ್ದವನು ನಾನೊಬ್ಬನೇ. ಕೈ ಚಾಚಿದರೆ ಕಂಕುಳಿನ ಹೊಲಿಗೆ ಬಿಗಿಯುತ್ತಿತ್ತು; ಆದ್ದರಿಂದ ಹತ್ತಿರವಿದ್ದ ಅನ್ನ, ಉಪ್ಪಿನಕಾಯಿಗಳನ್ನಷ್ಟೇ ಬಡಿಸಿಕೊಂಡೆ. ಎದುರಿಗೆ ಕುಳಿತಿದ್ದ ಹಿರಿಯ ಎಂಜಿನಿಯರೊಬ್ಬರು ಪ್ರೀತಿಯಿಂದ, “ಯಾವ ಊರಿನವರು?” ಎಂದರು. ಚಿತ್ರದುರ್ಗ ಜಿಲ್ಲೆ ಎಂದೆ. “ಹಾಗಾದರೆ ಮಾರಿಕಣಿವೆಯನ್ನು ನೋಡಿರಬೇಕು. ಆ ಕಟ್ಟೆ ಕೊನೆಯ ಸಲ ಕೋಡಿ ಬಿದ್ದದ್ದು ಯಾವಾಗ?” ಎಂದು ಕೇಳಿದರು.

ನನಗೆ ಉತ್ತರ ಗೊತ್ತಿತ್ತು. 1933. ನಮ್ಮ ಅಜ್ಜ ಅದನ್ನು ನೂರು ಸಲ ಹೇಳಿದ್ದರು. ವೇದಾವತಿಗೆ ಅಡ್ಡಲಾಗಿ ಕಟ್ಟಿದ ಆ ಅಣೆಕಟ್ಟೆ 1907ರ ವೇಳೆಗೆ ಪೂರ್ಣಗೊಂಡಿತೆಂಬುದು, ಅದು ಕೃಷ್ಣರಾಜಸಾಗರಕ್ಕಿಂತ ಹಳೆಯದೆಂಬುದು, ಅದರ ಗರಿಷ್ಠ ನೀರಿನ ಮಟ್ಟ 130 ಅಡಿ ಎಂಬುದು, ಎಲ್ಲವೂ ಗೊತ್ತಿತ್ತು. ಇಡೀ ಸಂಜೆಯಲ್ಲಿ ನಾನು ಮಾತ್ರ ಉತ್ತರಿಸಬಹುದಾಗಿದ್ದ ಪ್ರಶ್ನೆ ಅದು. ಆದರೆ ಅದೇ ಕ್ಷಣದಲ್ಲಿ ನೀರಿನ ಲೋಟಕ್ಕೆ ಕೈ ಚಾಚಿದ್ದೆ. ಕಂಕುಳಿನ ಹೊಲಿಗೆ ಬಿಟ್ಟ ಸದ್ದು ಕೇಳಿಸಿತು. ಎಲ್ಲರಿಗೂ ಕೇಳಿಸಿತೆಂದೇ ಭಾವಿಸಿ, ತೋಳನ್ನು ಮೈಗೆ ಒತ್ತಿಕೊಂಡು, “ಗೊತ್ತಿಲ್ಲ ಸಾರ್” ಎಂದುಬಿಟ್ಟೆ. ಅವರು ಸೌಜನ್ಯದಿಂದ ಪಕ್ಕದ ಹುಡುಗನ ಕಡೆಗೆ ತಿರುಗಿದರು.

ನಾನು ಆಯ್ಕೆಯಾಗಲಿಲ್ಲ. ಕೋಟಿನಿಂದಲೇ ಕೆಲಸ ತಪ್ಪಿತೆಂದು ಹೇಳುವುದು ಪ್ರಾಮಾಣಿಕವಾಗಲಾರದು. ಮರುದಿನದ ಸಂದರ್ಶನದಲ್ಲಿಯೂ ನನ್ನ ಉತ್ತರಗಳು ಸಾಧಾರಣವಾಗಿದ್ದವು. ಆದರೆ ಬಲ್ಲ ಉತ್ತರವನ್ನು ನನ್ನ ಬಾಯಿಂದ ಹೊರಡದಂತೆ ಮಾಡಿದ್ದು ಆ ಕೋಟೇ. ವರ್ಷಗಳು ಕಳೆದು, 2022ರ ಸೆಪ್ಟೆಂಬರ್‌ನಲ್ಲಿ ವಾಣಿವಿಲಾಸ ಸಾಗರ 89 ವರ್ಷಗಳ ನಂತರ ಮತ್ತೆ ಕೋಡಿ ಬಿದ್ದಿತು. ನೋಡಲು ಜನಜಾತ್ರೆಯೇ ಸೇರಿತ್ತು. ನಾನೂ ಹೋಗಿದ್ದೆ. ಎಲ್ಲರೂ ನೀರನ್ನು ನೋಡಿ ಸಂತೋಷಪಡುತ್ತಿದ್ದರು; ನನಗೆ ಆ ಊಟದ ಮೇಜು, ಆ ಹಿರಿಯರ ಮುಖ ನೆನಪಾಯಿತು. ನಿಮ್ಮಲ್ಲಿ ಯಾರಿಗೂ ಅಂಥ ನೆನಪು ಉಳಿಯಬಾರದೆಂಬುದೇ ಇಂದಿನ ಮಾತಿನ ಉದ್ದೇಶ.

ಈ ಊಟ ಏಕೆ ಏರ್ಪಡುತ್ತದೆ

ಎಲ್ಲ ಉದ್ಯೋಗಗಳಿಗೂ ಇಂಥ ಊಟ ಇರುವುದಿಲ್ಲ. ಕೇಂದ್ರ ಸರ್ಕಾರವು 2016ರ ಜನವರಿ 1ರಿಂದ ‘ಸಿ’ ಗುಂಪಿನ ಹಾಗೂ ‘ಬಿ’ ಗುಂಪಿನ ಅರಾಜ್ಯಪತ್ರಿತ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿದೆ. ನಾಗರಿಕ ಸೇವಾ ಪರೀಕ್ಷೆಯ ಒಟ್ಟು 2025 ಅಂಕಗಳಲ್ಲಿ ಸಂದರ್ಶನಕ್ಕೆ 275 ಅಂಕಗಳಿವೆ; ಅಲ್ಲಿಯೂ ಊಟವಿಲ್ಲ. ನನ್ನ ಈಗಿನ ಹುದ್ದೆಯೂ ಲಿಖಿತ ಪರೀಕ್ಷೆಯ ಅಂಕಗಳಿಂದಲೇ ದೊರೆತದ್ದು. ಊಟದ ಮೇಜಿನಲ್ಲಿ ಸೋತವನಿಗೆ ಉತ್ತರ ಪತ್ರಿಕೆ ಕೈಹಿಡಿಯಿತು ಎನ್ನಬಹುದು.

ಆದರೆ ಖಾಸಗಿ ಸಂಸ್ಥೆಗಳಲ್ಲಿ, ಸಂಶೋಧನಾ ಕೇಂದ್ರಗಳಲ್ಲಿ, ವಿದೇಶಗಳಲ್ಲಿ ಈ ಪದ್ಧತಿ ಉಂಟು. ಅಮೆರಿಕದ ವಿಶ್ವವಿದ್ಯಾಲಯಗಳು ಅಧ್ಯಾಪಕ ಹುದ್ದೆಯ ಅಭ್ಯರ್ಥಿಯನ್ನು ವಿಭಾಗದವರೊಡನೆ ಊಟಕ್ಕೆ ಕೂರಿಸುವುದು ವಾಡಿಕೆ. ಅಲ್ಲಿ ವೈದ್ಯ ಪದವೀಧರರು ‘ರೆಸಿಡೆನ್ಸಿ’ ತರಬೇತಿಗೆ ಸೇರಲು ಆಸ್ಪತ್ರೆಗಳಲ್ಲಿ ಸಂದರ್ಶನ ಎದುರಿಸಬೇಕು. ಕರ್ನಾಟಕದಲ್ಲಿ ಓದಿದ ವೈದ್ಯರೂ ಹಾಗೆ ಹೋಗಿ ಸೇರಿದ್ದಾರೆ. 2020ರಲ್ಲಿ ಕೋವಿಡ್‌ನಿಂದಾಗಿ ಆ ಸಂದರ್ಶನಗಳು ಆನ್‌ಲೈನ್ ಆಗುವವರೆಗೂ, ಹಿಂದಿನ ಸಂಜೆ ಅಲ್ಲಿನ ಕಿರಿಯ ವೈದ್ಯರು ಅಭ್ಯರ್ಥಿಗಳನ್ನು ಊಟಕ್ಕೆ ಕರೆದೊಯ್ಯುವುದು ಸಾಮಾನ್ಯವಾಗಿತ್ತು. ಆಯ್ಕೆ ಮಾಡುವ ಹಿರಿಯರು ಹೆಚ್ಚಾಗಿ ಆ ಮೇಜಿನಲ್ಲಿ ಇರುತ್ತಿರಲಿಲ್ಲ.

ಹಾಗಿದ್ದರೆ ಊಟದ ಉದ್ದೇಶವೇನು? ನಾಳೆಯಿಂದ ಜೊತೆಯಲ್ಲಿ ದುಡಿಯಬೇಕಾದವರು ನಿಮ್ಮೊಡನೆ ಒಂದು ಗಂಟೆ ಕುಳಿತು ನೋಡುತ್ತಾರೆ: ಈ ವ್ಯಕ್ತಿ ಮಾತು ಕೇಳುತ್ತಾನೆಯೇ, ಬಡಿಸುವವರನ್ನು ಗೌರವದಿಂದ ಕಾಣುತ್ತಾನೆಯೇ, ತಿಳಿಯದ್ದನ್ನು ತಿಳಿಯದೆಂದು ಒಪ್ಪುತ್ತಾನೆಯೇ? ನೀವೂ ಅವರನ್ನು ನೋಡಬಹುದು. ಅಲ್ಲಿನ ಕೆಲಸ ಹೇಗಿದೆ, ವಸತಿ ಎಲ್ಲಿ, ಹೊಸಬರಿಗೆ ಕಲಿಸುತ್ತಾರೆಯೇ ಎಂದು ಕೇಳಬಹುದು. ಈ ಊಟಕ್ಕೆ ಅಂಕಪಟ್ಟಿ ಇಲ್ಲ. ಆದರೆ ಅಲ್ಲಿ ಮೂಡಿದ ಅಭಿಪ್ರಾಯ ಮರುದಿನದ ಕೋಣೆಗೂ ತಲುಪೀತು. ಆದ್ದರಿಂದ ಉಡುಗೆಯ ಕೆಲಸ ಒಂದೇ: ಮಾತಿಗೆ ಅಡ್ಡಿಯಾಗದಿರುವುದು. ನೀವೂ ಅದನ್ನು ಮರೆಯಬೇಕು, ಎದುರಿನವರೂ ಮರೆಯಬೇಕು.

ಪತ್ರದಲ್ಲಿರುವ ಪದಗಳ ಅರ್ಥ

‘ಬಿಸಿನೆಸ್ ಫಾರ್ಮಲ್’ ಎಂದರೆ ಕೋಟು, ಟೈ. ಅಥವಾ ಅಚ್ಚುಕಟ್ಟಾದ ಸೀರೆ. ಇದು ಹೆಚ್ಚಾಗಿ ಸಂದರ್ಶನಕ್ಕೆ ಸಂಬಂಧಿಸಿದ್ದು, ಊಟಕ್ಕಲ್ಲ.

‘ಬಿಸಿನೆಸ್ ಕ್ಯಾಶುಯಲ್’ ಎಂದರೆ ಕಚೇರಿಯ ಉಡುಗೆಯಲ್ಲಿ ಕೋಟು, ಟೈ ಕಳೆದು ಉಳಿದದ್ದು: ಕಾಲರ್ ಇರುವ ಅಂಗಿ, ಪ್ಯಾಂಟು, ಬೆಲ್ಟು, ಶೂ, ಅಥವಾ ಸಲ್ವಾರ್ ಕಮೀಜ್, ಹತ್ತಿಯ ಸೀರೆ.

‘ಸ್ಮಾರ್ಟ್ ಕ್ಯಾಶುಯಲ್’ ಎಂದರೆ ಅದಕ್ಕಿಂತಲೂ ತುಸು ಸಡಿಲ. ನೆಂಟರ ಮನೆಯ ನಾಮಕರಣಕ್ಕೆ ಹೋಗುವಾಗ ನೀವು ತೊಡುವ ಶುಭ್ರವಾದ, ಇಸ್ತ್ರಿ ಮಾಡಿದ ಬಟ್ಟೆ ಎಂದು ತಿಳಿಯಿರಿ. ಮದುವೆಯ ಬಟ್ಟೆಯೂ ಅಲ್ಲ, ಸಂತೆಯ ಬಟ್ಟೆಯೂ ಅಲ್ಲ.

‘ಕ್ಯಾಶುಯಲ್’ ಅಥವಾ ‘ಇನ್‌ಫಾರ್ಮಲ್’ ಎಂದಷ್ಟೇ ಇದ್ದರೆ ಅದನ್ನು ಅಕ್ಷರಶಃ ನಂಬಬೇಡಿ. ಅದು ಕರೆದವರ ಸೌಜನ್ಯ. ಅಲ್ಲಿಯೂ ಸ್ಮಾರ್ಟ್ ಕ್ಯಾಶುಯಲ್ ತೊಟ್ಟರೆ ತಪ್ಪಾಗದು.

ಏನೂ ಬರೆದಿರದಿದ್ದರೆ ಪತ್ರ ಕಳುಹಿಸಿದವರನ್ನೇ ಕೇಳಿ. “ಭಾನುವಾರದ ಊಟಕ್ಕೆ ನಿರ್ದಿಷ್ಟ ಉಡುಗೆ ಇದೆಯೇ, ದಯವಿಟ್ಟು ತಿಳಿಸಿ” ಎಂಬ ಒಂದು ಸಾಲು ಸಾಕು. ಕೇಳುವುದು ಅವಮಾನವಲ್ಲ. ನಾನು ಕೇಳಿದ್ದರೆ ಎರವಲು ಕೋಟು ಬೇಕಾಗುತ್ತಿರಲಿಲ್ಲ.

ಏನು ತೊಡಬೇಕು

ಸೂತ್ರ ಸುಲಭ: ನಾಳಿನ ಸಂದರ್ಶನದ ಉಡುಗೆಗಿಂತ ಒಂದು ಮೆಟ್ಟಿಲು ಕೆಳಗೆ, ದಿನನಿತ್ಯದ ಉಡುಗೆಗಿಂತ ಒಂದು ಮೆಟ್ಟಿಲು ಮೇಲೆ.

ಯುವಕರಿಗೆ: ಪೂರ್ಣ ತೋಳಿನ, ಒಂದೇ ಬಣ್ಣದ ಅಥವಾ ಸಣ್ಣ ಗೆರೆಗಳ ಅಂಗಿ. ಬಿಳಿ ಅಂಗಿಯನ್ನು ನಾಳೆಗೆ ಇಟ್ಟುಕೊಳ್ಳಿ. ಸಾರಿನ ಒಂದು ಹನಿ ಬಿದ್ದರೂ ಬಿಳಿಯ ಮೇಲೆ ಎದ್ದು ಕಾಣುತ್ತದೆ. ಗಾಢ ಬಣ್ಣದ ಪ್ಯಾಂಟು, ಬೆಲ್ಟು, ಒರೆಸಿದ ಶೂ. ಕುಳಿತಾಗ ಕಾಲು ಬರಿದಾಗಿ ಕಾಣದಷ್ಟು ಉದ್ದದ ಸಾಕ್ಸ್. ತೋಳನ್ನು ಎರಡು ಮಡಿಕೆ ಮೇಲಕ್ಕೆ ಮಡಚಿದರೆ ಅಡ್ಡಿಯಿಲ್ಲ. ಅಕ್ಷರಗಳಿರುವ ಟೀ ಶರ್ಟು, ಹರಿದ ವಿನ್ಯಾಸದ ಜೀನ್ಸ್, ಚಪ್ಪಲಿ ಆ ಸಂಜೆಗೆ ಬೇಡ.

ಯುವತಿಯರಿಗೆ: ನೀವು ಕಾಲೇಜಿನ ಸಮಾರಂಭಕ್ಕೆ ತೊಟ್ಟು ರೂಢಿಯಾಗಿರುವ ಸಲ್ವಾರ್ ಕಮೀಜ್, ಉದ್ದ ಕುರ್ತಾ ಮತ್ತು ಪ್ಯಾಂಟು, ಅಥವಾ ಹತ್ತಿಯ ಸೀರೆ. ಸೀರೆ ಉಟ್ಟು ರೂಢಿಯಿಲ್ಲದವರು ಆ ಸಂಜೆಯೇ ಅಭ್ಯಾಸ ಆರಂಭಿಸಬೇಡಿ. ನಮ್ಮ ಜಿಲ್ಲೆಯ ಮೊಳಕಾಲ್ಮೂರು ರೇಷ್ಮೆ ಸೀರೆ ನಮ್ಮೆಲ್ಲರ ಹೆಮ್ಮೆ. ಅದು ಮದುವೆ ಮನೆಗೆ ಇರಲಿ. ದುಪಟ್ಟಾ ತಟ್ಟೆಗೆ ತಾಗದಂತೆ ಪಿನ್ ಹಾಕಿಕೊಳ್ಳಿ. ಸದ್ದು ಮಾಡುವ ಬಳೆಗಳು ಕಡಿಮೆಯಿರಲಿ. ಹೂವು ಮುಡಿಯುವ ರೂಢಿಯಿದ್ದರೆ ಚಿಕ್ಕದೊಂದು ತುಂಡು ಮುಡಿಯಿರಿ. ನಡೆಯಲು ಸುಲಭವಾದ ಪಾದರಕ್ಷೆ ಧರಿಸಿ. ಊಟ ಮುಗಿಯುವಾಗ ರಾತ್ರಿಯಾಗಿರುತ್ತದೆ, ತಂಗುವ ಸ್ಥಳಕ್ಕೆ ಮರಳುವ ವಾಹನದ ಏರ್ಪಾಡನ್ನು ಮೊದಲೇ ಮಾಡಿಕೊಳ್ಳಿ.

ಎಲ್ಲರಿಗೂ: ಉಗುರು ಕತ್ತರಿಸಿರಿ, ಕೈಯಲ್ಲಿ ಉಣ್ಣುವ ನಮಗೆ ಅದೇ ಮೊದಲ ಅಲಂಕಾರ. ಸುಗಂಧ ಅತಿಯಾಗದಿರಲಿ, ಅದು ಪಕ್ಕದವರ ಊಟವನ್ನೂ ಕೆಡಿಸುತ್ತದೆ. ದಿನವೂ ಧರಿಸುವ ವಿಭೂತಿ, ಕುಂಕುಮ, ತಾಳಿ, ತಲೆವಸ್ತ್ರಗಳನ್ನು ಯಾರನ್ನೋ ಮೆಚ್ಚಿಸಲು ತೆಗೆಯಬೇಕಿಲ್ಲ. ನಿಮ್ಮ ಗುರುತನ್ನು ಮನೆಯಲ್ಲಿ ಬಿಟ್ಟುಹೋಗಿ ಎಂದು ಯಾವ ಊಟವೂ ಕೇಳಬಾರದು.

ಪ್ರಯಾಣದ ಬಗ್ಗೆಯೂ ಒಂದು ಮಾತು. ಚಿಕ್ಕಜಾಜೂರಿನಲ್ಲಿ ರೈಲು ಹತ್ತುವಾಗಲೇ ಊಟದ ಬಟ್ಟೆ ತೊಟ್ಟು ಹೊರಡಬೇಡಿ. ಎರಡು ಜೊತೆ ಬಟ್ಟೆಗಳನ್ನು ಬೇರೆ ಬೇರೆಯಾಗಿ ಮಡಚಿಟ್ಟುಕೊಳ್ಳಿ: ಒಂದು ಸಂಜೆಗೆ, ಒಂದು ಬೆಳಿಗ್ಗೆಗೆ. ಸಂಜೆಯದು ಕೊಳೆಯಾದರೂ ಬೆಳಗಿನದು ಭದ್ರವಾಗಿರುತ್ತದೆ. ತಂಗಿದಲ್ಲಿ ಇಸ್ತ್ರಿಪೆಟ್ಟಿಗೆ ಸಿಗದಿದ್ದರೆ, ಬಿಸಿನೀರಿನ ಸ್ನಾನ ಮಾಡುವಾಗ ಅಂಗಿಯನ್ನು ಸ್ನಾನದ ಕೋಣೆಯಲ್ಲಿ ನೀರು ತಾಗದಂತೆ ತೂಗುಹಾಕಿ. ಹಬೆಗೆ ಸುಕ್ಕು ಬಹುಮಟ್ಟಿಗೆ ಸಡಿಲವಾಗುತ್ತದೆ.

ಸೇನೆಗೆ ಸೇರಬಯಸುವವರಿಗೆ

ನಮ್ಮ ತಾಲ್ಲೂಕಿನಿಂದ ಸೇನಾಧಿಕಾರಿ ಹುದ್ದೆಗಳಿಗೆ ಪ್ರಯತ್ನಿಸುವವರು ಇನ್ನೂ ಹೆಚ್ಚಬೇಕು. ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ 2022ರಿಂದ ಹೆಣ್ಣುಮಕ್ಕಳೂ ಸೇರುತ್ತಿದ್ದಾರೆ. ಲಿಖಿತ ಪರೀಕ್ಷೆಯಲ್ಲಿ ತೇರ್ಗಡೆಯಾದವರನ್ನು ಸೇವಾ ಆಯ್ಕೆ ಮಂಡಳಿಯು ಸುಮಾರು ಐದು ದಿನಗಳ ಪರೀಕ್ಷೆಗೆ ಕರೆಯುತ್ತದೆ. ನಮ್ಮ ರಾಜ್ಯದಲ್ಲಿಯೇ ಬೆಂಗಳೂರಿನಲ್ಲಿ ಸೇನೆಯ, ಮೈಸೂರಿನಲ್ಲಿ ವಾಯುಪಡೆಯ ಆಯ್ಕೆ ಕೇಂದ್ರಗಳಿವೆ. ಮೊದಲ ಹಂತ ದಾಟಿದವರು ಅಲ್ಲಿಯೇ ತಂಗಿ, ಒಟ್ಟಿಗೇ ಉಣ್ಣುತ್ತಾರೆ. ಸಂದರ್ಶನದ ಹಿಂದಿನ ಊಟ ಅಲ್ಲಿ ಒಂದು ಸಂಜೆಯದಲ್ಲ, ಹಲವು ಹೊತ್ತಿನದು. ಸೇನೆಯ ಊಟದ ಮನೆಗೆ ಕಾಲರ್ ಇಲ್ಲದ ಬನಿಯನ್ನು, ಚಡ್ಡಿ, ಚಪ್ಪಲಿ ಸಲ್ಲದು. ಆದ್ದರಿಂದ ಕ್ರೀಡಾ ಉಡುಪಿನ ಜೊತೆಗೆ ಕಾಲರ್ ಇರುವ ಮೂರು ನಾಲ್ಕು ಅಂಗಿಗಳನ್ನು ಕೊಂಡೊಯ್ಯಿರಿ. ಕರೆಪತ್ರದಲ್ಲಿ ತಿಳಿಸಿರುವ ಉಡುಗೆಗಳ ಪಟ್ಟಿಯನ್ನು ಅಕ್ಷರಶಃ ಪಾಲಿಸಿ.

ಭಾರ ಪರೀಕ್ಷೆ

ಹೊಸ ಸೇತುವೆಯ ಬಲದ ಬಗ್ಗೆ ಸಂದೇಹವಿದ್ದರೆ, ವಾಹನ ಬಿಡುವ ಮುನ್ನ ಅದರ ಮೇಲೆ ಭಾರವಿಟ್ಟು ಪರೀಕ್ಷಿಸುವುದು ಎಂಜಿನಿಯರುಗಳ ಕ್ರಮ. ಬಟ್ಟೆಗೂ ಅದೇ ಕ್ರಮ ಅನ್ವಯಿಸಲಿ. ಹೊರಡುವ ವಾರದ ಮುಂಚೆ ಅದನ್ನು ತೊಟ್ಟು ಕುರ್ಚಿಯಲ್ಲಿ ಕುಳಿತುಕೊಳ್ಳಿ, ಕೈ ಚಾಚಿ ನೀರಿನ ಚೊಂಬು ಎತ್ತಿಕೊಳ್ಳಿ, ಬಗ್ಗಿ ನೆಲದ ಮೇಲಿನ ವಸ್ತುವನ್ನು ತೆಗೆಯಿರಿ, ಒಂದು ಹೊತ್ತು ಪೂರ್ತಿ ಊಟ ಮಾಡಿ. ಹೊಸ ಶೂ ಇದ್ದರೆ ಅದರಲ್ಲಿ ದಿನವೂ ಊರ ಬೀದಿಯಲ್ಲಿ ನಡೆಯಿರಿ. ಎಲ್ಲಿಯೂ ಬಿಗಿಯದೆ, ಜಾರದೆ, ಚುಚ್ಚದೆ ಇದ್ದರೆ ಆ ಬಟ್ಟೆ ತೇರ್ಗಡೆಯಾಯಿತು.

ಖರ್ಚಿನ ವಿಷಯದಲ್ಲಿ ಪೋಷಕರಲ್ಲಿ ನನ್ನ ಕಳಕಳಿಯ ವಿನಂತಿ: ಊಟದ ಬಟ್ಟೆಗಾಗಿ ಸಾಲ ಮಾಡಬೇಡಿ. ಇರುವ ಅಂಗಿ ದೊಗಲೆಯಾಗಿದ್ದರೆ ದರ್ಜಿಯ ಬಳಿ ಕೊಟ್ಟು ಮೈಗೆ ತಕ್ಕಂತೆ ಹಿಡಿಸಿ. ಮೈಗೆ ಹೊಂದುವ ಹಳೆಯ ಅಂಗಿ, ಮೈಗೆ ಹೊಂದದ ಹೊಸ ಕೋಟಿಗಿಂತ ಮೇಲು. ಏನನ್ನಾದರೂ ಕೊಳ್ಳಲೇಬೇಕಾದರೆ ಒಂದು ಜೊತೆ ಒಳ್ಳೆಯ ಶೂ ಕೊಳ್ಳಿ. ಅದು ಊಟಕ್ಕೂ ಸಂದರ್ಶನಕ್ಕೂ ಮೊದಲ ತಿಂಗಳ ಕೆಲಸಕ್ಕೂ ಆಗುತ್ತದೆ.

ಇನ್ನೊಂದು ಅರ್ಧ

ಉಡುಗೆ ನೋಡಿ ಮನುಷ್ಯನನ್ನು ಅಳೆಯುವುದು ನ್ಯಾಯವೇ ಎಂದು ನೀವು ಕೇಳಬಹುದು. ನ್ಯಾಯವಲ್ಲ. ಆದರೆ ಅದು ಇಂದು ನಿನ್ನೆಯದೂ ಅಲ್ಲ. ಮೈಸೂರು ಅರಮನೆಯ ದಸರಾ ದರ್ಬಾರಿಗೆ ಹೋಗಬೇಕಾದವರು ನಿಲುವಂಗಿಯಂಥ ಉದ್ದ ಕೋಟು, ಪೇಟ ಧರಿಸಲೇಬೇಕಿತ್ತು. “ಊಟ ತನ್ನಿಚ್ಛೆ, ನೋಟ ಪರರಿಚ್ಛೆ” ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಈ ಗಾದೆಯನ್ನು ನಾನು ಅರ್ಧ ಒಪ್ಪುತ್ತೇನೆ. ನೋಟವು ಪರರಿಗೆ ಒಪ್ಪಿಗೆಯಾಗಬೇಕು, ಆದರೆ ಅವರ ಕಣ್ಣು ಬಟ್ಟೆಯನ್ನು ದಾಟಿ ನಿಮ್ಮ ಮುಖಕ್ಕೆ ಬರುವಷ್ಟು ಮಾತ್ರ. ಅದಕ್ಕಿಂತ ಹೆಚ್ಚಿನದನ್ನು ಪರರಿಗೆ ಕೊಡಬೇಕಿಲ್ಲ. ಇನ್ನು ಊಟ ನಿಜಕ್ಕೂ ತನ್ನಿಚ್ಛೆಯದೇ: ಮಾಂಸವಾಗಲಿ, ಮದ್ಯವಾಗಲಿ ನಿಮಗೆ ಬೇಡವಾದರೆ “ಬೇಡ, ಧನ್ಯವಾದ” ಎನ್ನಿ, ಕಾರಣ ಹೇಳಬೇಕಿಲ್ಲ. ಚಮಚ, ಫೋರ್ಕು ಹಿಡಿದು ಅಭ್ಯಾಸವಿಲ್ಲದಿದ್ದರೆ ಕೈ ತೊಳೆದು ಬಂದು ಬಲಗೈಯಲ್ಲಿ ಶುಚಿಯಾಗಿ ಉಣ್ಣಿ.

ನಾಳೆ ನಿಮ್ಮಲ್ಲಿ ಕೆಲವರು ಆ ಮೇಜಿನ ಇನ್ನೊಂದು ಬದಿಯಲ್ಲಿ ಕೂರುವಿರಿ. ಆಗ ಇಕ್ಕಟ್ಟಾದ ಕೋಟಿನಲ್ಲಿ ಮುದುಡಿ ಕುಳಿತ ಹುಡುಗನೊಬ್ಬ “ಗೊತ್ತಿಲ್ಲ ಸಾರ್” ಎಂದರೆ, ದಯವಿಟ್ಟು ಇನ್ನೊಮ್ಮೆ ಕೇಳಿ.

ನಮ್ಮ ಅರಿವು ಕೇಂದ್ರದ ಏರ್ಪಾಡು

ಅಧ್ಯಕ್ಷರ ಹಾಗೂ ಸದಸ್ಯರ ಸಮ್ಮತಿಯಂತೆ ಎರಡು ವಿಷಯಗಳನ್ನು ತಿಳಿಸುತ್ತೇನೆ. ಮೊದಲನೆಯದಾಗಿ, ಅರಿವು ಕೇಂದ್ರದ ಒಳಕೋಣೆಯಲ್ಲಿ ಆಳೆತ್ತರದ ಕನ್ನಡಿಯೊಂದನ್ನೂ ಇಸ್ತ್ರಿಪೆಟ್ಟಿಗೆಯೊಂದನ್ನೂ ಇರಿಸಲಾಗಿದೆ. ದಾನಿಗಳು ಕೊಟ್ಟವು, ಸಂದರ್ಶನಕ್ಕೆ ಹೋಗುವ ಯಾರಾದರೂ ಬಳಸಬಹುದು. ಎರಡನೆಯದಾಗಿ, ಬರುವ ಶನಿವಾರ ಸಂಜೆ ಇಲ್ಲಿಯೇ ಒಂದು ಅಭ್ಯಾಸದ ಊಟ ನಡೆಯಲಿದೆ. ಪಂಚಾಯತಿ ನಿಧಿಯಿಂದ ಒಂದು ರೂಪಾಯಿಯೂ ಇದಕ್ಕೆ ಖರ್ಚಾಗುವುದಿಲ್ಲ, ಲೆಕ್ಕಪರಿಶೋಧಕರು ನಿಶ್ಚಿಂತರಾಗಿರಬಹುದು. ಪ್ರತಿಯೊಬ್ಬರೂ ಮನೆಯಿಂದ ಬುತ್ತಿ ತರಬೇಕು, ಸಂದರ್ಶನದ ಊಟಕ್ಕೆಂದು ಆರಿಸಿದ ಬಟ್ಟೆಯನ್ನು ತೊಟ್ಟು ಬರಬೇಕು. ಸ್ವಸಹಾಯ ಸಂಘದ ತಾಯಂದಿರು, ನಿವೃತ್ತ ಶಿಕ್ಷಕರು ಎದುರಿಗೆ ಕುಳಿತು ಪ್ರಶ್ನೆ ಕೇಳುತ್ತಾರೆ. ಮುದ್ದೆ, ಸಾರು ತಂದರೂ ಸರಿಯೇ. ಅಂಗಿಯ ಮೇಲೆ ಸಾರು ಚೆಲ್ಲದೆ ಮುದ್ದೆ ಉಂಡವನಿಗೆ ಯಾವ ಹೋಟೆಲಿನ ಊಟವೂ ಕಠಿಣವಲ್ಲ.

ಕೊನೆಯದಾಗಿ, ನಾನು ಆರಂಭದಲ್ಲಿ ಹೇಳಿದ ತಂಗಿಯ ವಿಷಯ. ಮಂಡಿಯ ಮುಂಗಡವನ್ನು ಅವರು ಪಡೆಯಲಿಲ್ಲ. ಆಕೆ ತನ್ನದೇ ನೀಲಿ ಬಣ್ಣದ ಹತ್ತಿಯ ಚೂಡಿದಾರ ತೊಟ್ಟು ಹೋದಳು. ಅದನ್ನು ಇಲ್ಲಿಯ ದರ್ಜಿಯೊಬ್ಬರು ಭುಜದಲ್ಲಿ ಸ್ವಲ್ಪ ಸರಿಪಡಿಸಿದ್ದರು. ಭಾನುವಾರ ರಾತ್ರಿ ಹತ್ತು ಗಂಟೆಗೆ ದೂರವಾಣಿ ಮಾಡಿದಳು. “ಏನಾಯಿತಮ್ಮ?” ಎಂದೆ. ಅಂತರ್ಜಲದ ಬಗ್ಗೆ ಕೇಳಿದರೆಂದೂ, ತಮ್ಮ ತೋಟದ ಬತ್ತಿದ ಮೂರು ಕೊಳವೆಬಾವಿಗಳ ಕಥೆಯನ್ನು ಹೇಳಿದೆನೆಂದೂ, ಎಲ್ಲರೂ ಊಟ ಬಿಟ್ಟು ಕೇಳಿದರೆಂದೂ ಒಂದೇ ಉಸಿರಿಗೆ ಹೇಳಿದಳು. “ಬಟ್ಟೆ?” ಎಂದು ಕೇಳಿದೆ. ಒಂದು ಕ್ಷಣ ಸುಮ್ಮನಿದ್ದು, “ಅದರ ನೆನಪೇ ಆಗಲಿಲ್ಲ ಸಾರ್” ಎಂದಳು.

ಸಂದರ್ಶನದ ಫಲಿತಾಂಶ ಇನ್ನೂ ಬಂದಿಲ್ಲ. ಬಂದ ದಿನ ಇದೇ ಸೂಚನಾ ಫಲಕದಲ್ಲಿ ತಿಳಿಸುತ್ತೇವೆ. ಶನಿವಾರ ಸಂಜೆ ಆರು ಗಂಟೆಗೆ ಬುತ್ತಿಯೊಡನೆ ಎಲ್ಲರೂ ಬನ್ನಿ.